ಸಂತನ ಮುಂದೆ ಕೂಗಿದ ಹೆಸರು

ಲಾ ಲೋಬೆರಾ,
2 ನವೆಂಬರ್ 1953

ತಮ್ಮ ಎವಾರಿಸ್ತೋ,

ಇವತ್ತು ಸತ್ತವರ ಹಬ್ಬ. ಊರಿನವರೆಲ್ಲ ಕಾಗದದ ಹೂವಿನ ಹಾರ ಹಿಡಿದು ಗೋರಿಗಳ ಕಡೆ ನಡೆದರು. ನನಗೆ ಹೋಗಲು ಗೋರಿಯಿಲ್ಲ. ನೊಲಾಸ್ಕೋನ ದೇಹವನ್ನು ಕಡಲು ಇನ್ನೂ ಕೊಟ್ಟಿಲ್ಲ. ಅವನು ಮುಳುಗಿದ ಜಾಗ ಕಾಣುವ ಬಂಡೆಯ ಮೇಲೆ ನಾನೇ ಕಲ್ಲು ಜೋಡಿಸಿ ಅವನ ಆತ್ಮಕ್ಕೊಂದು ಪುಟ್ಟ ಮನೆ ಕಟ್ಟಿದೆ. ಮೊಣಕಾಲೆತ್ತರದ್ದು, ತಗಡಿನ ಸೂರು. ಒಳಗೆ ಅವನ ಉಣ್ಣೆ ಟೋಪಿ ಇಟ್ಟು ಮೇಣದ ಬತ್ತಿ ಹಚ್ಚಿದೆ. ಗಾಳಿಗೆ ಆರುತ್ತಲೇ ಇತ್ತು. ನಾನೂ ಹಚ್ಚುತ್ತಲೇ ಇದ್ದೆ.

ನನ್ನ ಗಂಡ ನೊಲಾಸ್ಕೋ ಹೋಗಿ ಮೂರು ವಾರ ಆಗುವ ಮೊದಲೇ ನೀನು ಉತ್ತರದ ತಾಮ್ರದ ಗಣಿಗೆ ಹೊರಟುಹೋದೆ. ಆಗ ನಾನು ಏನೂ ಅನ್ನಲಿಲ್ಲ. ಅತ್ತು ಅತ್ತು ತಲೆ ಕೆಟ್ಟಿತ್ತು. ಈಗ ತಲೆ ನೆಟ್ಟಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ವಾರ ಕಡಲಪಾಚಿ ಕೊಯ್ಯುವವರು ಬಂದಿದ್ದರು. ಎರಡು ಊರಿನಾಚೆಯ ದಡದಲ್ಲಿ ನೊಲಾಸ್ಕೋನ ದೋಣಿಯ ಮೂತಿ ಸಿಕ್ಕಿತಂತೆ. ಅದರ ಕಬ್ಬಿಣದ ಬಳೆಯಲ್ಲಿ ಎರಡು ಮಾರು ಹಗ್ಗ ಇನ್ನೂ ಕಟ್ಟಿಕೊಂಡೇ ಇತ್ತು. ಬಿಚ್ಚಿ ತಂದು ನನ್ನ ಕೈಗೆ ಕೊಟ್ಟರು. ಆ ಬಿರುಗಾಳಿಯ ದಿನ ಬೌದಿಲಿಯೋ ತನ್ನ ದೋಣಿಯ ಹಿಂದೆ ನೊಲಾಸ್ಕೋನ ದೋಣಿಯನ್ನು ಕಟ್ಟಿ ಎಳೆದು ತರುತ್ತಿದ್ದ ಹಗ್ಗ ಅದು. ಹರಿದುಹೋಯಿತು ಎಂದು ಅವನು ನಮ್ಮೂರ ಸಂತ ಸಾನ್ ಪೆದ್ರೋನ ಮೇಲೆ ಆಣೆ ಇಡದೆ, ನನ್ನ ಮುಖ ನೋಡದೆ ಹೇಳಿದ ಹಗ್ಗ.

ಎವಾರಿಸ್ತೋ, ಅದರ ತುದಿ ಬ್ರೆಡ್ಡು ಕೊಯ್ದ ಹಾಗಿದೆ. ಒಂದು ಎಳೆಯೂ ಚೆದರಿಲ್ಲ.

ಆವತ್ತು ಬೌದಿಲಿಯೋನ ದೋಣಿಯಲ್ಲಿ ಇದ್ದದ್ದು ಇಬ್ಬರೇ. ಅವನು ಮತ್ತು ನೀನು. ಏನಾಯಿತೆಂದು ಬರೆ.

ನಿನ್ನ ಅಕ್ಕ,
ಕ್ಲೋರಿಂದಾ

*

ಗಣಿಯ ವಸತಿ, ಉತ್ತರ,
10 ಡಿಸೆಂಬರ್ 1953

ಪ್ರೀತಿಯ ಅಕ್ಕ,

ನಿನ್ನ ಕಾಗದ ತಲುಪಲು ತಿಂಗಳಾಯಿತು. ಇಲ್ಲಿ ಹಸಿರು ಅಂದರೆ ಕಲ್ಲಿನಲ್ಲಿರುವ ತಾಮ್ರದ ಬಣ್ಣ, ಅಷ್ಟೇ. ಗಾಳಿಗೆ ಉಪ್ಪಿಲ್ಲ. ಮೊದಲ ವಾರ ಮೂಗಿನಲ್ಲಿ ರಕ್ತ ಬಂತು, ಈಗ ಒಗ್ಗಿದೆ. ನಾವು ಆರು ಜನ ಒಂದು ಕೋಣೆಯಲ್ಲಿ ಇದ್ದೇವೆ. ಅವರಲ್ಲಿ ಯಾರೂ ಕಡಲು ಕಂಡವರಲ್ಲ. ಅದು ನನಗೆ ಹಿತವಾಗಿದೆ.

ಹಗ್ಗದ ವಿಷಯ. ಬಂಡೆಗೆ ಉಜ್ಜಿ ಹರಿದಿರಬೇಕು. ಕೆಲವು ಬಂಡೆಗಳ ಅಂಚು ಚಾಕುವಿನ ಹಾಗೇ ಕೊಯ್ಯುತ್ತದೆ. ಅದನ್ನೇ ನೋಡುತ್ತ ಕೂರಬೇಡ, ಸುಟ್ಟುಬಿಡು.

ಸೆಫೆರಿನೋ ತಾತನ ಗಂಟಲು ಹೇಗಿದೆ? ಬರುವ ಜೂನ್‌ನ ಸಾನ್ ಪೆದ್ರೋ ಹಬ್ಬಕ್ಕೆ ಮೇಳದ ಬಾವುಟ ಹಿಡಿದು ಹಾಡುತ್ತಾರಾ? ನನ್ನ ಮೇಳದ ಕೊಳಲನ್ನು ಒಣಗಲು ಬಿಡಬೇಡ. ವಾರಕ್ಕೊಮ್ಮೆ ನೀರು ಹಾಕಿಡು, ಇಲ್ಲದಿದ್ದರೆ ಮರ ಸೀಳುತ್ತದೆ.

ನಿನ್ನ ತಮ್ಮ,
ಎವಾರಿಸ್ತೋ

*

ಲಾ ಲೋಬೆರಾ,
20 ಫೆಬ್ರವರಿ 1954

ಎವಾರಿಸ್ತೋ,

ನೀನು ಹೇಳಿದ ಹಾಗೆ ಬಂಡೆಯ ಮಾತನ್ನು ಪರೀಕ್ಷೆ ಮಾಡಿದೆ. ಅದೇ ಹಗ್ಗದ ಇನ್ನೊಂದು ತುದಿಯನ್ನು ಅತ್ಯಂತ ಚೂಪಾದ ಬಂಡೆಗೆ ಹಾಕಿ ಬೆಳಗಿನಿಂದ ಮಧ್ಯಾಹ್ನದವರೆಗೆ ಉಜ್ಜಿದೆ. ನನ್ನ ಅಂಗೈ ಸುಲಿಯಿತು. ಹಗ್ಗ ಹರಿಯಿತು, ಮುದುಕನ ಗಡ್ಡದ ಹಾಗೆ. ಎರಡು ತುದಿಗಳನ್ನೂ ಒಂದರ ಪಕ್ಕ ಒಂದು ಇಟ್ಟುಕೊಂಡು ಕೂತಿದ್ದೇನೆ. ನಿನ್ನ ಬಂಡೆ ಸುಳ್ಳು ಹೇಳುತ್ತಿದೆ.

ಆಮೇಲೆ ನೇರ ಬೌದಿಲಿಯೋನ ಹತ್ತಿರ ಹೋದೆ. ಬಲೆ ಹೊಲಿಯುತ್ತಿದ್ದ. ತಲೆ ಎತ್ತಲಿಲ್ಲ.

"ಹಗ್ಗ ಹೇಗೆ ಹೋಯ್ತು, ಬೌದಿಲಿಯೋ?"

"ಹರೀತು ಅಂದೆನಲ್ಲ."

"ನನ್ ಮುಖ ನೋಡಿ ಹೇಳು."

"ನಿನ್ ಮುಖ ನೋಡಿದ್ರೆ ಹಗ್ಗ ಮತ್ತೆ ಕೂಡ್ಕೊಳುತ್ತಾ ಕ್ಲೋರಿಂದಾ? ಮನೆಗ್ ಹೋಗು."

ಪ್ರತಿ ಶುಕ್ರವಾರ ನನ್ನ ಬಾಗಿಲಲ್ಲಿ ಒಂದು ಹಾವುಮೀನು ತೂಗಿರುತ್ತದೆ, ಬಾಯಿಗೆ ದಾರ ಪೋಣಿಸಿ. ಅವನೇ ತಂದು ಕಟ್ಟುವುದು. ತಪ್ಪಿಲ್ಲದವನು ಯಾಕೆ ಮೀನು ಕಟ್ಟುತ್ತಾನೆ? ನಾನು ಅದನ್ನು ಅವನ ಹೆಂಡತಿ ಒರ್ತೆನ್ಸಿಯಾ ನೋಡುವ ಹಾಗೆ ಕಡಲಹಕ್ಕಿಗಳಿಗೆ ಎಸೆಯುತ್ತೇನೆ.

ಕೊನೆಗೆ ಸೆಫೆರಿನೋ ತಾತನ ಮನೆಗೆ ಹೋದೆ. "ತಾತ, ನಲವತ್ತು ವರ್ಷದಿಂದ ನೀವು ಸಾನ್ ಪೆದ್ರೋ ಮುಂದೆ ಊರಿನ ಪರವಾಗಿ ಹಾಡ್ತಿದ್ದೀರಿ. ಈ ಸಲ ನನ್ ಗಂಡನ ಸಾವನ್ನೂ ಹಾಡಿ. ಯಾರು ಕೊಂದಿದ್ದು ಅಂತ ಹಾಡಿ" ಎಂದೆ.

ತಾತ ಒಲೆ ಮುಂದೆ ಕೂತು ಕೆಮ್ಮುತ್ತಿದ್ದರು. "ಮಗಾ, ಆ ಹಾಡಿಗೆ ಒಂದು ಕಟ್ಟಳೆ ಇದೆ. ನಾನು ನಾಲ್ಕು ಸಾಲು ಹೇಳಿದ್ರೆ ಮೇಳ ಕೊನೆ ಎರಡು ಸಾಲು ಮತ್ತೆ ಹೇಳ್ಲೇಬೇಕು. ಪಲ್ಲಕ್ಕಿ ಹೊತ್ತವರೂ ಹೇಳ್ಬೇಕು, ಹೆಂಗಸ್ರೂ ಹೇಳ್ಬೇಕು. ನಾನು ವಿಷ ಹಾಡಿದ್ರೆ ಊರೆಲ್ಲ ವಿಷ ಕುಡಿದ ಹಾಗೆ. ನಂಗಾಗಲ್ಲ."

"ಮತ್ಯಾರಿಗಾಗುತ್ತೆ?"

"ನಿನ್ ತಮ್ಮನಿಗೆ ಕಲಿಸಿದ್ದೆ. ಕಂಡವನು ಅವನು. ಬಂದು ಬಾವುಟ ಹಿಡೀಲಿ, ನಾ ಬೇಡ ಅನ್ನಲ್ಲ."

ಕೇಳಿದೆಯಲ್ಲ. ಜೂನ್ 29ಕ್ಕೆ ಬಾ. ಬಂದು ಹಾಡು. ನಮ್ಮ ತಾಯಿ ಸತ್ತಾಗ ನೀನು ಏಳು ವರ್ಷದವನು. ನನ್ನ ಮಡಿಲಲ್ಲಿ ಬೆಳೆದವನು. ಇಷ್ಟು ವರ್ಷ ನಿನ್ನಿಂದ ಏನನ್ನೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ.

ನಿನ್ನ ಅಕ್ಕ,
ಕ್ಲೋರಿಂದಾ

*

ಗಣಿಯ ವಸತಿ,
30 ಏಪ್ರಿಲ್ 1954

ಅಕ್ಕಾ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ.

ಹಗ್ಗ ಹರಿಯಲಿಲ್ಲ. ಚಾಕುವಿನಿಂದ ಕೊಯ್ದದ್ದು ನಿಜ. ನೀನು ಸರಿಯಾಗಿಯೇ ಕಂಡಿದ್ದೀಯ. ಕೊಯ್ದವನು ಯಾರೆಂದು ನೀನು ಆಗಲೇ ತೀರ್ಮಾನ ಮಾಡಿದ್ದೀಯ, ಮತ್ತೆ ನನ್ನ ಕೈಯಿಂದ ಬರೆಸಬೇಡ.

ನಾನು ಬರಲಾರೆ. ಗಣಿಯಲ್ಲಿ ರಜೆ ಕೊಡುವುದಿಲ್ಲ. ಇದನ್ನು ಯಾರ ಕೈಯಿಂದಲೂ ಹಾಡಿಸಬೇಡ ಅಕ್ಕಾ. ನೊಲಾಸ್ಕೋ ಮತ್ತೆ ಬರುವುದಿಲ್ಲ. ಆ ಹಗ್ಗವನ್ನು ಕಡಲಿಗೆ ಎಸೆದುಬಿಡು.

ಎವಾರಿಸ್ತೋ

*

ಲಾ ಲೋಬೆರಾ,
4 ಜುಲೈ 1954

ತಮ್ಮ,

ಆಯಿತು. ನೀನಿಲ್ಲದೆಯೇ ಆಯಿತು.

ಹಬ್ಬದ ಬೆಳಗ್ಗೆ ಮಂಜು ಕವಿದಿತ್ತು. ನೆರೆಯ ಕಡಲೂರುಗಳಿಂದ ನಾಲ್ಕು ಮೇಳ ಬಂದಿದ್ದವು. ನಮ್ಮವರು ಎರಡು ಸಾಲಾಗಿ ನಿಂತು ಕುಣಿಕುಣಿದು ಕೊಳಲೂದುತ್ತಿದ್ದರು. ಆ ಸೀಳು ದನಿ ಎದೆಯೊಳಗೆ ಗರಗಸ ಎಳೆದ ಹಾಗೆ. ನೀನು ನಿಲ್ಲುತ್ತಿದ್ದ ಜಾಗವನ್ನು ಖಾಲಿ ಬಿಟ್ಟಿದ್ದರು. ಸಾನ್ ಪೆದ್ರೋನ ಪಲ್ಲಕ್ಕಿಗೆ ಮುಂದಿನ ಬಲಗಡೆ ಹೆಗಲು ಕೊಟ್ಟವನು ಬೌದಿಲಿಯೋ, ಪ್ರತಿ ವರ್ಷದಂತೆ. ಇಸ್ತ್ರಿ ಮಾಡಿದ ಬಿಳಿ ಅಂಗಿ. ದಡದಲ್ಲಿ ಅವನ ದೋಣಿ ಲಾ ಪೊರ್ಫಿಯಾದಾ ಕಾಗದದ ಹೂವು ಹೊದ್ದು, ಸಂತನನ್ನು ಕಡಲಲ್ಲಿ ಒಂದು ಸುತ್ತು ಒಯ್ಯಲು ಕಾಯುತ್ತಿತ್ತು.

ತಾತ ಬಾವುಟ ಹಿಡಿದು ಹಾಡಲು ಶುರು ಮಾಡಿದರು. ಬಿರುಗಾಳಿಯಲ್ಲಿ ಸ್ವಾಮಿ ನೀರಿನ ಮೇಲೆ ನಡೆದ ಕಥೆ. ಮೂರನೆಯ ಪದಕ್ಕೆ ಕೆಮ್ಮು ಹತ್ತಿತು. ನಿಲ್ಲಲೇ ಇಲ್ಲ. ಡೋಲಿನವನು ಬಡಿಯುತ್ತಲೇ ಇದ್ದ. ಎಲ್ಲರೂ ಕಾಯುತ್ತಿದ್ದರು. ಆ ಕೆಮ್ಮು ನಿಜದ್ದೋ ಅಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ತಾತ ನನ್ನ ಕಡೆ ತಿರುಗಿ ನೋಡಿದ್ದು ಮಾತ್ರ ಗೊತ್ತು.

ಹೆಂಗಸರ ಗುಂಪಿನಿಂದ ಹೊರಗೆ ಬಂದು ಬಾವುಟ ತೆಗೆದುಕೊಂಡೆ. "ಏ, ಹೆಂಗ್ಸು ಕಣ್ರೋ!" ಎಂದು ಯಾರೋ ಕೂಗಿದರು. ಅಷ್ಟರಲ್ಲಿ ನಾನು ಹಾಡಿಯಾಗಿತ್ತು.

ಕಡಲ ಕಾಯುವ ಒಡೆಯ ಪೆದ್ರೋ,
ಕೇಳು ನಿನ್ನ ಮಗಳ ಮಾತು:
ಹಗ್ಗ ತಾನೇ ಹರಿಯಲಿಲ್ಲ,
ಕೊಯ್ದ ಕೈಯಿ ಇಲ್ಲೇ ಇದೆ.

ಒಂದು ಕ್ಷಣ ಕೊಳಲೂ ನಿಂತವು. ಆದರೆ ಸಂತನ ಮುಂದೆ ಪದ ಬಿದ್ದ ಮೇಲೆ ಅದನ್ನು ನೆಲದಲ್ಲಿ ಬಿಡುವ ಹಾಗಿಲ್ಲ. ಮೊದಲು ಮುದುಕರು, ಆಮೇಲೆ ಸಾಲಿನವರು, ಕೊನೆಗೆ ಎಲ್ಲರೂ ಹೇಳಿದರು, ತಲೆ ತಗ್ಗಿಸಿ. ನನಗೆ ಆದದ್ದು ಭಯವಲ್ಲ, ಸುಖ. ಇನ್ನೊಂದು ಪದ ಹಾಡಿದೆ.

ಅಲೆಯ ನಡುವೆ ಒಂಟಿ ನಿಂತು
ನೊಲಾಸ್ಕೋ ಕೂಗಿಕೊಂಡ;
ಬೌದಿಲಿಯೋ ಕೊಯ್ದ ಹಗ್ಗ,
ಬೌದಿಲಿಯೋ ಹೊತ್ತ ನಿನ್ನ.

ಈ ಸಲ ಮೇಳ ಬಾಯಿ ಬಿಡಲಿಲ್ಲ. ಎಲ್ಲರೂ ಅವನನ್ನೇ ನೋಡಿದರು. ಆಗ ಅವನು ಹೇಳಿದ, ಎವಾರಿಸ್ತೋ. ಪಲ್ಲಕ್ಕಿ ಹೆಗಲ ಮೇಲೆ ಇದ್ದ ಹಾಗೇ, ಮುಖ ಬೂದಿಯಾಗಿ, ತನ್ನ ಹೆಸರನ್ನು ತಾನೇ ಹೇಳಿದ. ಎರಡೂ ಸಾಲು. ಗಟ್ಟಿಯಾಗಿ. ಅವನ ಹಿಂದೆ ಊರೆಲ್ಲ ಹೇಳಿತು.

ಸಂತನನ್ನು ಬೇರೆಯವರ ದೋಣಿಗೆ ಹತ್ತಿಸಿದರು. ಲಾ ಪೊರ್ಫಿಯಾದಾ ಹೂವು ಹೊದ್ದು ಮರಳಲ್ಲೇ ನಿಂತಿತ್ತು. ಸಂಜೆಯ ಮಳೆಗೆ ಕಾಗದದ ಬಣ್ಣವೆಲ್ಲ ಇಳಿದು ದೋಣಿಯ ಮೈಮೇಲೆ ಹರಿಯಿತು. ನಾನು ಅದನ್ನು ನಿಂತು ನೋಡಿದೆ.

ನಿನ್ನ ಅಕ್ಕ,
ಕ್ಲೋರಿಂದಾ

*

ಲಾ ಲೋಬೆರಾ,
25 ಸೆಪ್ಟೆಂಬರ್ 1954

ತಮ್ಮ,

ನಿನ್ನ ಉತ್ತರ ಬರಲಿಲ್ಲ. ಸಂತೋಷದ ಸುದ್ದಿಗೂ ಉತ್ತರ ಬರೆಯದವನು ನೀನು. ಇರಲಿ, ಇನ್ನಷ್ಟು ಹೇಳುತ್ತೇನೆ.

ಬೌದಿಲಿಯೋ ಜೊತೆ ಕಡಲಿಗೆ ಇಳಿಯುವವರು ಈಗ ಯಾರೂ ಇಲ್ಲ. ದೋಣಿಯನ್ನು ನೀರಿಗೆ ತಳ್ಳಲೂ ಯಾರೂ ಕೈ ಕೊಡುವುದಿಲ್ಲ. ಒಬ್ಬನೇ ಮರದ ದಿಮ್ಮಿಗಳನ್ನು ಹಾಕಿಕೊಂಡು, ಹೆಗಲು ಕೊಟ್ಟು ತಳ್ಳುತ್ತಾನೆ. ಪಡಖಾನೆಯಲ್ಲಿ ದೊಡ್ಡ ಲೋಟದ ವೈನು ಕೈಯಿಂದ ಕೈಗೆ ಸುತ್ತು ಬರುತ್ತದಲ್ಲ, ಅವನ ಸರದಿ ಬಂದಾಗ ಲೋಟ ಅವನನ್ನು ದಾಟಿ ಮುಂದಿನವನ ಕೈಗೆ ಹೋಗುತ್ತದೆ. ಎರಡು ಸಲ ಹಾಗಾಯಿತು. ಮೂರನೆಯ ಸಲ ಅವನು ಹೋಗಲಿಲ್ಲ.

ಹದಿನೆಂಟನೆಯ ತಾರೀಕು ದೇಶದ ಸ್ವಾತಂತ್ರ್ಯದ ಹಬ್ಬದ ಚಪ್ಪರಕ್ಕೆ ಒರ್ತೆನ್ಸಿಯಾ ಬಂದಿದ್ದಳು. ನಿನಗೆ ನೆನಪಿದೆಯಲ್ಲ, ಈ ದಡದಲ್ಲಿ ಅವಳಷ್ಟು ಚೆನ್ನಾಗಿ ಕರವಸ್ತ್ರ ಬೀಸಿ ಜೋಡಿಯಲ್ಲಿ ಕ್ವೇಕಾ ಕುಣಿಯುವವಳು ಇರಲಿಲ್ಲ. ಹೊಸ ಕರವಸ್ತ್ರ ಬೆರಳಿಗೆ ಸುತ್ತಿಕೊಂಡು ಬೆಂಚಿನ ತುದಿಯಲ್ಲಿ ಕೂತಳು. ಗಿಟಾರ್ ಹತ್ತು ಸಲ ಶುರುವಾಯಿತು, ಹತ್ತು ಸಲ ನಿಂತಿತು. ಒಬ್ಬ ಗಂಡಸೂ ಅವಳ ಮುಂದೆ ಬಂದು ತೋಳು ಚಾಚಲಿಲ್ಲ. ನಾನು ಕಪ್ಪು ಬಟ್ಟೆಯಲ್ಲಿ ಎದುರಿಗೇ ಕೂತಿದ್ದೆ. ಅವಳು ಎದ್ದು ಹೋಗುವವರೆಗೂ ಕಣ್ಣು ತೆಗೆಯಲಿಲ್ಲ.

ಪಾಪ ಅನ್ನುತ್ತೀಯಾ? ನಾನು ಅನ್ನುವುದಿಲ್ಲ. ಅವಳ ಹಾಸಿಗೆಯಲ್ಲಿ ಇನ್ನೂ ಗಂಡನಿದ್ದಾನೆ.

ಇಷ್ಟಾದರೂ ಶುಕ್ರವಾರದ ಮೀನು ನಿಂತಿಲ್ಲ. ಅದೊಂದು ನನಗೆ ಅರ್ಥವಾಗುವುದಿಲ್ಲ.

ನಿನ್ನ ಅಕ್ಕ,
ಕ್ಲೋರಿಂದಾ

*

ಗಣಿಯ ವಸತಿ,
20 ಅಕ್ಟೋಬರ್ 1954

ಅಕ್ಕಾ,

ಇದನ್ನು ಕೂತು ಓದು.

ಆವತ್ತು ಉತ್ತರದ ಗಾಳಿ ಎದ್ದಾಗ ನೊಲಾಸ್ಕೋನ ಹುಟ್ಟು ಮುರಿದಿತ್ತು. ಉಳಿದ ದೋಣಿಗಳೆಲ್ಲ ದಡ ಸೇರಿದ್ದವು. ಬೌದಿಲಿಯೋ ತಿರುಗಿ ಹೋಗಿ ಅವನಿಗೆ ಹಗ್ಗ ಎಸೆದ. ಅರ್ಧ ದಾರಿಯಲ್ಲಿ ನಮ್ಮ ಎಂಜಿನ್ ನಿಂತಿತು. ಬೌದಿಲಿಯೋ ಎಂಜಿನ್ ಮೇಲೆ ಬಗ್ಗಿದ್ದ. ಹಿಂದೆ ಚುಕ್ಕಾಣಿಯ ಹತ್ತಿರ, ಹಗ್ಗದ ಹತ್ತಿರ ಇದ್ದವನು ನಾನು.

ನೊಲಾಸ್ಕೋನ ದೋಣಿಗೆ ನೀರು ತುಂಬಿತು. ಅದರ ಭಾರಕ್ಕೆ ನಮ್ಮ ಹಿಂಭಾಗ ಮುಳುಗತೊಡಗಿತು. ಒಂದು ಅಲೆ ನನ್ನ ತಲೆ ಮೇಲಿಂದ ಹೋಯಿತು. ಬೌದಿಲಿಯೋ ಕೂಗಿದ, "ಬಿಡ್ಬೇಡ! ಇನ್ನೊಂದ್ ನಿಮಿಷ ತಡ್ಕೋ, ಹತ್ತುತ್ತೆ!" ನೊಲಾಸ್ಕೋನೂ ಕೂಗುತ್ತಿದ್ದ. ಅವನು ಕೂಗಿದ್ದು ಬೌದಿಲಿಯೋನನ್ನಲ್ಲ, ನನ್ನನ್ನು. ನನ್ನ ಹೆಸರು ಹಿಡಿದು.

ಚಾಕು ಹೇಗೆ ಕೈಗೆ ಬಂತೋ ಗೊತ್ತಿಲ್ಲ ಎಂದು ಬರೆಯಬಹುದಿತ್ತು. ಗೊತ್ತಿದೆ. ಸೊಂಟದಿಂದ ತೆಗೆದೆ. ಒಂದೇ ಎಳೆತಕ್ಕೆ ಕೊಯ್ದೆ.

ಹತ್ತು ಎಣಿಸುವಷ್ಟರಲ್ಲಿ ಎಂಜಿನ್ ಹತ್ತಿಕೊಂಡಿತು. ತಿರುಗಿ ಹೋದೆವು. ಅಲ್ಲಿ ಏನೂ ಇರಲಿಲ್ಲ.

ದಡ ಕಾಣುವಾಗ ಬೌದಿಲಿಯೋ ಹೇಳಿದ: "ಹಗ್ಗ ಹರೀತು. ತಿಳೀತಾ? ದೋಣಿ ನಂದು, ಹಗ್ಗ ನಂದು, ಕೇಳಿದ್ರೆ ನನ್ನನ್ನ ಕೇಳ್ತಾರೆ. ಅವಳಿಗೆ ಗಂಡ ಹೋದ, ತಮ್ಮನೂ ಹೋಗೋದು ಬೇಡ."

ಏಪ್ರಿಲ್‌ನ ಕಾಗದದಲ್ಲಿ ನಾನು ಅವನ ಹೆಸರು ಬರೆಯಲಿಲ್ಲ. ಬರೆಯದೆ ಸುಳ್ಳು ಹೇಳಿದೆ. ನೀನು ಹಾಡುವುದಿಲ್ಲ, ಹೆಂಗಸಿಗೆ ಬಾವುಟ ಕೊಡುವುದಿಲ್ಲ ಎಂದುಕೊಂಡಿದ್ದೆ.

ಏನು ಹೇಳುತ್ತೀಯೋ ಅದನ್ನು ಮಾಡುತ್ತೇನೆ. ಪೊಲೀಸರ ಹತ್ತಿರ ಹೋಗು ಅಂದರೆ ಹೋಗುತ್ತೇನೆ.

ಎವಾರಿಸ್ತೋ

*

ಲಾ ಲೋಬೆರಾ,
15 ನವೆಂಬರ್ 1954

ಎವಾರಿಸ್ತೋ,

ಕಾಗದ ಬಂದ ಮರುದಿನ, ದೋಣಿಗಳು ದಡಕ್ಕೆ ಬರುವ ಹೊತ್ತಿಗೆ ಹೋದೆ. ಊರೆಲ್ಲ ಮೀನಿನ ಬುಟ್ಟಿಗಳ ಸುತ್ತ ಇತ್ತು. "ಹಗ್ಗ ಕೊಯ್ದವನು ನನ್ ತಮ್ಮ. ಬೌದಿಲಿಯೋ ಅಲ್ಲ. ನಾನು ತಪ್ಪು ಹಾಡಿದೆ" ಎಂದು ಕೂಗಿ ಹೇಳಿದೆ.

ಬೌದಿಲಿಯೋ ಬಲೆ ಕೆಳಗಿಟ್ಟು ಎದ್ದು ನಿಂತ. "ಸುಳ್ಳು. ನಾನೇ ಕೊಯ್ದಿದ್ದು. ಸಂತನ್ ಮುಂದೆ ಒಪ್ಕೊಂಡಿದ್ದೀನಲ್ಲ, ನೀವೆಲ್ಲ ಕೇಳಿದ್ದೀರಲ್ಲ" ಎಂದ.

ಜನ ಅವನನ್ನು ನಂಬಿದರು. ನನ್ನನ್ನು ನೋಡಿ, ಪಾಪ ತಲೆ ಕೆಟ್ಟಿದೆ ಅನ್ನುವ ಹಾಗೆ ಮುಖ ಮಾಡಿ ಬುಟ್ಟಿ ಎತ್ತಿಕೊಂಡರು.

ಎಲ್ಲರೂ ಹೋದ ಮೇಲೆ ಅವನ ತೋಳು ಹಿಡಿದೆ. "ಯಾಕೆ ಹಾಗಂದೆ? ನಿಂಗೆ ಜನ ವಾಪಸ್ ಬೇಡ್ವಾ?"

"ಬೇಕು. ಆದ್ರೆ ಅದು ನಿನ್ ಕೈಯಿಂದ ಬೇಡ."

"ನಾನು ನಿಜ ಹೇಳ್ತಿದ್ದೀನಿ."

"ನೀನು ಹಾಯಾಗಿ ನಿದ್ದೆ ಮಾಡ್ಬೇಕು ಅಂತ ನಾನ್ಯಾಕೆ ಒಳ್ಳೆಯವನಾಗ್ಲಿ? ಒರ್ತೆನ್ಸಿಯಾ ಆ ಬೆಂಚಿನ್ ಮೇಲೆ ಕೂತಿದ್ದಾಗ ನೀನು ಕಣ್ ಮಿಟುಕಿಸ್ದೆ ನೋಡಿದ್ಯಂತೆ. ಈಗ ನನ್ನನ್ನ ನೋಡು. ದಿನಾ ದೋಣಿ ತಳ್ಳೋದ್ ನೋಡು."

ಶುಕ್ರವಾರದ ಮೀನಿನ ಬಗ್ಗೆ ಕೇಳಿದೆ. ನೊಲಾಸ್ಕೋ ಹೊಸ ದೋಣಿ ಮಾಡಿಕೊಂಡ ಸಂತೋಷಕ್ಕೆ ಅವನಿಗೆ ಒಂದು ಬುಟ್ಟಿ ಮೀನು ಕೊಡುತ್ತೇನೆಂದು ಬೌದಿಲಿಯೋ ಮಾತು ಕೊಟ್ಟಿದ್ದನಂತೆ. ಕೊಡುವ ಮೊದಲೇ ಅವನು ಸತ್ತ. "ಅದಕ್ಕೂ ನಿಂಗೂ ಸಂಬಂಧ ಇಲ್ಲ" ಎಂದ.

ಜೂನ್‌ನಲ್ಲಿ ಬರುವ ಹಬ್ಬದಲ್ಲಿ ನಾನು ಬಾವುಟ ಮುಟ್ಟುವ ಹಾಗಿಲ್ಲವೆಂದು ಪಾದ್ರಿ ಹೇಳಿಬಿಟ್ಟಿದ್ದಾರೆ. ಆದ್ದರಿಂದ ಅಲ್ಲಿ ಹಾಡಿದ್ದನ್ನು ಅಲ್ಲೇ ನಿಂತು ಅಳಿಸಲು ನನಗೆ ದಾರಿಯಿಲ್ಲ. ಇದು ನೀನು ನನಗೆ ಕೊಟ್ಟದ್ದು. ಗಂಡನನ್ನು ತೆಗೆದುಕೊಂಡೆ, ಆಮೇಲೆ ನನ್ನ ಕೋಪವನ್ನೂ ಕದ್ದು ಬೇರೆಯವನ ತಲೆಗೆ ಕಟ್ಟಿದೆ.

ಈಗ ಕೇಳು. ಪೊಲೀಸರು ಬೇಡ. ಅವರು ನಿನ್ನನ್ನು ನಾಲ್ಕು ಗೋಡೆಯೊಳಗೆ ಇಡುತ್ತಾರೆ, ಅಲ್ಲಿ ನನಗೆ ನಿನ್ನನ್ನು ನೋಡಲಾಗುವುದಿಲ್ಲ. ನೀನು ಇಲ್ಲಿಗೆ ಬಾ. ಲಾ ಪೊರ್ಫಿಯಾದಾದ ಎಂಜಿನ್ ಕೆಟ್ಟು ಎರಡು ತಿಂಗಳಾಯಿತು. ಹುಟ್ಟು ಹಾಕಲು ಅವನಿಗೆ ಆಳಿಲ್ಲ. ನೀನು ಅವನ ಹುಟ್ಟು ಹಾಕಬೇಕು. ದಿನಾ ಬೆಳಗ್ಗೆ ನನ್ನ ಕಿಟಕಿಯ ಮುಂದೆ ಆ ದೋಣಿಗೆ ಹೆಗಲು ಕೊಟ್ಟು ತಳ್ಳಬೇಕು. ದಿನಾ ನೊಲಾಸ್ಕೋನ ಬಂಡೆಯನ್ನು ದಾಟಿ ಹೋಗಬೇಕು, ದಾಟಿ ಬರಬೇಕು. ಬೌದಿಲಿಯೋನನ್ನು ಕೇಳಿದೆ. "ಕಳಿಸು" ಎಂದ, ಅಷ್ಟೇ.

ಮಲಗಲು ದೋಣಿ ಕೊಟ್ಟಿಗೆಯಿದೆ. ನನ್ನ ಬಾಗಿಲು ತಟ್ಟಬೇಡ. ನನ್ನನ್ನು ಅಕ್ಕಾ ಎಂದು ಕೂಗಬೇಡ.

ಕ್ಲೋರಿಂದಾ

*

ಲಾ ಲೋಬೆರಾ, ದೋಣಿ ಕೊಟ್ಟಿಗೆ,
6 ಮಾರ್ಚ್ 1955

ಕ್ಲೋರಿಂದಾ,

ಬಾಗಿಲು ತಟ್ಟುತ್ತಿಲ್ಲ. ಇದನ್ನು ಸಂದಿಯಲ್ಲಿ ತೂರಿಸಿ ಹೋಗುತ್ತೇನೆ. ಸುಡುವುದಾದರೆ ಸುಡು.

ಬಂದ ವಾರವೇ ಪಡಖಾನೆಗೆ ಹೋಗಿ ಎಲ್ಲರ ಮುಂದೆ ನಿಜ ಹೇಳಿದೆ. "ಅಕ್ಕ ಹೇಳ್ಕೊಟ್ಟು ಕಳಿಸಿದ್ದಾಳೆ" ಎಂದು ನಕ್ಕರು. ಸೆಫೆರಿನೋ ತಾತ ಮಾತ್ರ ನಗಲಿಲ್ಲ. ಎದ್ದು ಹೊರಗೆ ಹೋದರು.

ಮೂರು ತಿಂಗಳಿಂದ ಬೌದಿಲಿಯೋ ನನ್ನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಎಡಕ್ಕೆ ಬೇಕಾದರೆ ಗದ್ದ ಎಡಕ್ಕೆ, ಬಲಕ್ಕೆ ಬೇಕಾದರೆ ಗದ್ದ ಬಲಕ್ಕೆ. ಬ್ರೆಡ್ಡನ್ನು ನನ್ನ ಪಾಲು ಮುರಿದು ಹಲಗೆಯ ಮೇಲಿಟ್ಟು ಮುಖ ತಿರುಗಿಸುತ್ತಿದ್ದ. ಬಂಡೆ ದಾಟುವಾಗ ಮಾತ್ರ ತಾನು ಹುಟ್ಟು ಎತ್ತಿ ಹಿಡಿಯುತ್ತಿದ್ದ, ಅಲ್ಲಿ ನಾನೊಬ್ಬನೇ ಎಳೆಯಲಿ ಎಂದು. ನೀನು ಕಿಟಕಿಯಲ್ಲಿ ನಿಂತು ಎಣಿಸುತ್ತಿದ್ದೀಯೋ ಏನೋ, ಬಂಡೆಯ ಈಚೆಯಿಂದ ಆಚೆಗೆ ಅರವತ್ತು ಎಳೆತ.

ಇವತ್ತು ಬರುವಾಗ ಬಂಡೆಯ ಹತ್ತಿರ ಅವನು ಹುಟ್ಟು ಎತ್ತಲಿಲ್ಲ. ನನ್ನ ಜೊತೆಗೇ ಎಳೆದ. ಆಮೇಲೆ ಕೇಳಿದ.

"ಹೀಗೆ ಹುಟ್ಟು ಹಾಕೋದು ಎಷ್ಟು ವರ್ಷ ಅಂತ ಏನಾದ್ರೂ ಹೇಳಿದ್ದಾಳಾ ನಿನ್ನಕ್ಕ?"

"ಇಲ್ಲ."

"ಕೇಳಿದ್ಯಾ?"

"ಇಲ್ಲ."

ಮತ್ತೆ ಹುಟ್ಟು ಎಳೆದ. ದಡ ಹತ್ತಿರ ಬಂತು. ನಿನ್ನ ಕಿಟಕಿ ಕಂಡಿತು.

"ಕೇಳ್ಬೇಡ" ಎಂದ.

ಎವಾರಿಸ್ತೋ